ಅಳಿಸಲೊಲ್ಲದ ರಿಪೇರಿಯವರು

ನಮ್ಮ ಕಚೇರಿಗೆ ಬರುವ ಕಂಪ್ಯೂಟರ್ ರಿಪೇರಿಯವರು ಕೀಬೋರ್ಡ್ ಮುಟ್ಟುವ ಮೊದಲು ಕೇಳುವುದು ಒಂದೇ ಪ್ರಶ್ನೆ: “ಕೊನೇ ಸಲ ಏನು ಬದಲಾಯಿಸಿದ್ರಿ?” “ಏನೂ ಇಲ್ಲ” ಎಂದರೆ ನಂಬುವ ಆಸಾಮಿಯಲ್ಲ, ನಿಜ ಹೊರಬರುವವರೆಗೂ ಹೆರಿಗೆ ಕೋಣೆಯ ಮುಂದೆ ಕೂತವರ ಹಾಗೆ ಕೈಕಟ್ಟಿ ಕಾಯುತ್ತಾರೆ. ಲಿನಕ್ಸ್ ಹಾಕಿರುವ ನಮ್ಮ ಕಂಪ್ಯೂಟರ್ ಕಪ್ಪು ಪರದೆಯಲ್ಲೇ ನಿಂತುಬಿಟ್ಟರೆ ನಾವೆಲ್ಲ ಗಾಬರಿಯಾಗುತ್ತೇವೆ. ಅವರು ತಮ್ಮ ಪೆನ್‌ಡ್ರೈವ್ ಹಾಕಿ ಅದನ್ನು ಎಬ್ಬಿಸಿ, ಯಂತ್ರ ಶುರುವಾಗುವ ಕ್ರಮ ಬರೆದಿಟ್ಟ ಫೈಲನ್ನು ಬೆರಳಿಟ್ಟು ಸಾಲುಸಾಲಾಗಿ ಓದುತ್ತಾರೆ. ಕಟ್ಟಡಕ್ಕೆ ಬೆಂಕಿ ಬಿದ್ದರೂ ಹಿಡಿದ ಸಾಲು ಮುಗಿಸಿಯೇ ಏಳುತ್ತಾರೆಂದು ನಮ್ಮ ನಂಬಿಕೆ. ಮೊನ್ನೆ ಟೈಪಿಸ್ಟ್ ಮೇಡಂ, ಯಂತ್ರ ಬೇಗ ಶುರುವಾಗಲೆಂದು ಆ ಫೈಲನ್ನು ತಿದ್ದಲು ಹೋಗಿ, ಡಿಸ್ಕಿನ ಗುರುತಿನಲ್ಲಿ ಒಂದಕ್ಷರ ಅಳಿಸಿದ್ದರು. ಆರು ವರ್ಷದ ಪತ್ರಗಳೆಲ್ಲ ಹೋದವೆಂದು ಅಳುತ್ತ ಕೂತಿದ್ದರು. ಆ ಅಕ್ಷರ ಸಿಕ್ಕುವ ಹೊತ್ತಿಗೆ ಮಧ್ಯಾಹ್ನ ಮೂರಾಗಿತ್ತು. “ಡಿಸ್ಕ್ ಚೆನ್ನಾಗೇ ಇದೆ ತಾಯಿ, ದಾರಿ ತಪ್ಪಿತ್ತು ಅಷ್ಟೆ” ಎನ್ನುತ್ತ ರಿಪೇರಿಯವರು ಅದನ್ನು ಮತ್ತೆ ಸೇರಿಸಿದರು. ಪರದೆ ಬೆಳಗಿತು, ಪತ್ರಗಳೆಲ್ಲ ಇದ್ದಲ್ಲೇ ಇದ್ದವು. ಬೆಳಗಿನಿಂದ ಕಾದು ಬೇಸತ್ತಿದ್ದ ಸಾಹೇಬರು, “ಎಲ್ಲಾ ಅಳಿಸಿ ಹೊಸದಾಗಿ ಹಾಕಿದ್ರೆ ಅರ್ಧ ಗಂಟೇಲಿ ಮುಗೀತಿತ್ತಲ್ರೀ?” ಎಂದರು. ರಿಪೇರಿಯವರು ಪೆನ್‌ಡ್ರೈವ್ ಕಿತ್ತು ಜೇಬಿಗಿಟ್ಟುಕೊಂಡರು. “ಒಂದ್ಸಲ ಹಾಗೆ ಮಾಡಿದ್ದೆ ಸಾರ್, ನಮ್ಮಕ್ಕನ ಕಂಪ್ಯೂಟರಿಗೆ. ತೀರಿಹೋದ ಭಾವನ ದನಿ ಇದ್ದದ್ದು ಅದೊಂದರಲ್ಲೇ. ಅಕ್ಕ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು.”