ಈರುಳ್ಳಿ ಮಂಡಿಯಲ್ಲಿ ಮಗಳನ್ನು ತೂಗಿದ್ದು

ಮಗಳಿಗೆ ಏಳು ತಿಂಗಳು ತುಂಬಿದಾಗ ಮತ್ತೆ ಲಾರಿ ಹತ್ತುತ್ತೇನೆ ಎಂದೆ. ಮದುವೆಯಾದಾಗಿನಿಂದ ಗಂಡನೂ ನಾನೂ ಸರದಿಯಲ್ಲಿ ಸ್ಟೇರಿಂಗ್ ಹಿಡಿದು ಮದ್ದೂರಿನ ಎಳನೀರನ್ನು ಮುಂಬೈಗೆ ಒಯ್ಯುತ್ತಿದ್ದೆವು. ಎಳನೀರು ಕಾಯುವ ಸರಕಲ್ಲ. ಒಬ್ಬರು ಮಲಗಿದರೆ ಇನ್ನೊಬ್ಬರು ಓಡಿಸುತ್ತಿರಬೇಕು. ಮಗಳಿಗೆ ಮೊಲೆಹಾಲು ಬಿಡಿಸುವ ಮನಸ್ಸು ನನಗಿರಲಿಲ್ಲ, ಸ್ಟೇರಿಂಗ್ ಬಿಡುವ ಮನಸ್ಸಂತೂ ಇರಲೇ ಇಲ್ಲ. ಹಾಗಾಗಿ ಅವಳೂ ಬರುತ್ತಾಳೆ ಎಂದುಬಿಟ್ಟೆ.

ಕಿರುಗಾವಲಿನ ನಮ್ಮ ಮನೆಯಲ್ಲಿ ಸೊಪ್ಪು ಸೋಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ.

"ಓಗವ್ವ, ಯಾರ್ ಬ್ಯಾಡ ಅಂದ್ರು? ಬಂದ್ಮೇಲೆ ಅಂಗನವಾಡೀಲಿ ತೂಗುಸ್ತೀನಿ. ಮಗು ಒಂದ್ ಚೂರ್ ಇಳ್ದಿದ್ರೂ ನೀನು ಲಾರಿ ಬುಟ್ಬುಡ್ಬೇಕು."

"ಆಯ್ತು" ಎಂದೆ. ರೋಷ ಬಂದಾಗ ಎಲ್ಲದಕ್ಕೂ ಆಯ್ತು ಅನ್ನುವುದು ನನ್ನ ಚಾಳಿ. ಆ ತಿಂಗಳ ಮೊದಲಲ್ಲಿ ತೂಗಿಸಿದಾಗ ಅಂಗನವಾಡಿ ಕಾರ್ಡಿನಲ್ಲಿ ಏಳು ಕಿಲೋ ಆರುನೂರು ಗ್ರಾಂ ಎಂದಿತ್ತು.

ಸೀಟಿನ ಹಿಂದೆ, ನಾವು ಮಲಗುವ ಜಾಗದಲ್ಲಿ, ಹಳೇ ಸೀರೆಯ ಜೋಲಿ ಕಟ್ಟಿದೆವು. ಮಗಳಿಗೆ ಲಾರಿ ಎಷ್ಟು ಒಗ್ಗಿತೆಂದರೆ, ಹಾರ್ನ್ ಹೊಡೆದರೂ ಏಳುತ್ತಿರಲಿಲ್ಲ, ಇಂಜಿನ್ ನಿಂತರೆ ಮಾತ್ರ ಊರು ಒಂದಾಗುವಂತೆ ಅಳುತ್ತಿದ್ದಳು. ಡೀಸೆಲ್ ಹಾಕಿಸಲು ನಿಂತರೆ ಬಂಕಿನವರೆಲ್ಲ ಬಂದು ಇಣುಕುತ್ತಿದ್ದರು. ಒಗೆದ ಬಟ್ಟೆಗಳನ್ನು ಟಾರ್ಪಾಲಿನ ಹಗ್ಗಕ್ಕೆ ಬಿಗಿದು ಕಟ್ಟಿದರೆ ಮುಂದಿನ ಊರು ಬರುವಷ್ಟರಲ್ಲಿ ಗರಿಗರಿ ಒಣಗಿರುತ್ತಿದ್ದವು. ಹುಬ್ಬಳ್ಳಿ ದಾಟಿದ ಮೇಲೆ ಪೊಲೀಸನೊಬ್ಬ ಲಾರಿ ನಿಲ್ಲಿಸಿದ. ಅಳುತ್ತಿದ್ದ ಮಗಳು ಅವನ ಸೀಟಿ ಕಂಡು ಸುಮ್ಮನಾಗಿ, ಕಿತ್ತುಕೊಂಡು ಬಾಯಿಗಿಟ್ಟಳು. ಪಾಪ, ಅದನ್ನು ಬಿಡಿಸಿಕೊಳ್ಳುವ ಗಲಾಟೆಯಲ್ಲಿ ಅವನಿಗೆ ನಮ್ಮ ಕಾಗದಪತ್ರ ಕೇಳುವುದೇ ಮರೆತುಹೋಯಿತು.

ಮುಂಬೈಯಲ್ಲಿ ಎಳನೀರು ಇಳಿಸಿ ಬರುವಾಗ ಸೊಲ್ಲಾಪುರದಲ್ಲಿ ಮಂಡ್ಯಕ್ಕೆ ಈರುಳ್ಳಿ ಲೋಡು ಸಿಕ್ಕಿತು. ಅಲ್ಲಿಂದ ಶುರುವಾಯಿತು ನೋಡಿ ಇವಳ ಹಟ. ರಸ್ತೆ ಬದಿ ಸ್ಟೌ ಹಚ್ಚಿ ರಾಗಿ ಸರಿ ಕಾಯಿಸಿಕೊಟ್ಟರೆ ಎರಡು ದಿನ ಥೂ ಎಂದು ನನ್ನ ಮುಖಕ್ಕೇ ಉಗಿದಳು. ಬರೀ ಮೊಲೆಹಾಲು. ಅತ್ತೆಯ ಮಾತು ತಲೆಯಲ್ಲಿ ಕೊರೆಯತೊಡಗಿತು.

ಮಂಡ್ಯದ ಮಂಡಿಯಲ್ಲಿ ಹಮಾಲರು ಮೂಟೆ ಒಡೆದು, ಈರುಳ್ಳಿಯನ್ನು ಕ್ರೇಟಿಗೆ ಸುರಿದು ತೂಗುತ್ತಿದ್ದರು. ಅವರು ಟೀಗೆ ಹೋದ ಸಮಯ ನೋಡಿ, ಖಾಲಿಯಿದ್ದ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಮಗಳನ್ನು ಕೂರಿಸಿದೆ. ಆರು ಕಿಲೋ ನಾನೂರು. ಒಂದು ಟ್ರಿಪ್ಪಿಗೆ ಒಂದು ಕಿಲೋ ಇನ್ನೂರು ಗ್ರಾಂ ಮಗುವನ್ನು ಕಳೆದುಕೊಂಡು ಬಂದಿದ್ದೆ.

ಅಲ್ಲಿಂದ ಮನೆಯವರೆಗೆ ಗಂಡನೇ ಓಡಿಸಿದ. ನಾನು ಸ್ಟೇರಿಂಗಿಗೆ ಜಗಳವಾಡಲಿಲ್ಲವೆಂದು ಅವನಿಗೆ ಅನುಮಾನ ಬಂತು. "ಯಾಕಮ್ಮಿ, ಮಾತೇ ಇಲ್ವಲ್ಲ?" ಎಂದ.

ಮನೆ ಮುಂದೆ ಇಳಿದವಳೇ ಮಗಳನ್ನು ಅತ್ತೆಯ ಮಡಿಲಿಗೆ ಹಾಕಿದೆ. "ಅಂಗನವಾಡಿಗೆ ಓಗೋದೇ ಬ್ಯಾಡ ಅತ್ತೆ. ಮಂಡೀಲೇ ತೂಗ್ದೆ. ಒಂದ್ ಕಿಲೋ ಮೇಲೇ ಇಳ್ದವ್ಳೆ. ನಾನು ಲಾರಿ ಬುಟ್ಬುಡ್ತೀನಿ," ಎಂದು ಜಗಲಿಯ ಮೇಲೇ ಕೂತು ಅಳತೊಡಗಿದೆ.

ಇಪ್ಪತ್ತು ವರ್ಷ ಸಂತೆಯಲ್ಲಿ ತರಕಾರಿ ತೂಗಿದ ಹೆಂಗಸು ನಮ್ಮತ್ತೆ. ಮೊಮ್ಮಗಳ ತೊಡೆ ಹಿಚುಕಿ ನೋಡಿದರು. ಅವಳು ಕಿಲಕಿಲ ನಕ್ಕಳು.

"ಮಂಡೀಲಿ ಏನ್ ತೂಗ್ತಿದ್ರು?"

"ಈರುಳ್ಳಿ."

"ಕ್ರೇಟಲ್ಲೋ?"

"ಊಂ."

"ಇವಳ್ನ ಕ್ರೇಟಲ್ಲಿ ಕೂರ್ಸಿದ್ಯಾ?"

"ಇಲ್ಲ, ಬರೀ ತಕ್ಕಡಿ ಮೇಲೆ."

"ಅಯ್ಯೋ ನಿನ್ ಬುದ್ಧಿಗಿಷ್ಟು! ಕ್ರೇಟಿನ ತೂಕ ಮೊದ್ಲೇ ಕಳ್ದು ಮಡಗಿರ್ತಾರೆ ಕಣವ್ವ. ಇಲ್ದಿರೋ ಕ್ರೇಟ್ನ ಈ ಮಗೀನ ಮೈಯಿಂದ ಕಳ್ದೈತೆ ಆ ತಕ್ಕಡಿ. ಇಷ್ಟ್ ವರ್ಸ ಲೋಡ್ ಒಡ್ದೂ ಗೊತ್ತಾಗ್ನಿಲ್ವಾ?"

ಗೊತ್ತಿತ್ತು. ನೂರು ಸಲ ನೋಡಿದ್ದೆ. ಆದರೆ ಹೆತ್ತ ಕರುಳಿಗೆ ಆ ಹೊತ್ತಿನಲ್ಲಿ ಲೆಕ್ಕವೆಲ್ಲಿ ನೆನಪಾಗುತ್ತದೆ!

ಮುಖ ತೊಳೆಯಲೂ ಬಿಡದೆ ಅತ್ತೆ ನನ್ನನ್ನು ಅಂಗನವಾಡಿಗೆ ಎಳೆದುಕೊಂಡು ಹೋದರು. ಸರಿಯಾಗಿ ಎಂಟು ಕಿಲೋ. ನಾನೂರು ಗ್ರಾಂ ಜಾಸ್ತಿ! ಟೀಚರು ಬರೆಯುವ ಮುಂಚೆ ಅತ್ತೆ ಮತ್ತೊಮ್ಮೆ ತೂಗಿಸಿ ನೋಡಿದರು.

ವಾಪಸು ಬರುವಾಗ ತಡೆಯಲಾರದೆ ಕೇಳಿದೆ. "ಸುಮ್ನಿದ್ದಿದ್ರೆ ನಾನೇ ಲಾರಿ ಬುಡ್ತಿದ್ನಲ್ಲ ಅತ್ತೆ. ಯಾಕೇಳುದ್ರಿ?"

"ಸುಳ್ ತೂಕ ಇಟ್ಕೊಂಡು ನಿನ್ನ ಮನೇಲ್ ಕೂರಿಸ್ಕಳ್ಲಾ?" ಎಂದರು ಸಿಡುಕಿ. ಸ್ವಲ್ಪ ದೂರ ನಡೆದ ಮೇಲೆ, "ನೀನು ಅಂಗೆ ಅಳ್ತಾ ಕುಂತಿದ್ದು ನೋಡಕ್ಕಾಗ್ನಿಲ್ಲ ಕಣವ್ವ," ಎಂದರು.

ನನಗೆ ಮತ್ತೆ ಅಳು ಬಂತು. ಅತ್ತೆ ಮೊಮ್ಮಗಳನ್ನು ಸೊಂಟದ ಮೇಲೆ ಸರಿಪಡಿಸಿಕೊಂಡು, ಮದ್ದೂರಿನಲ್ಲಿ ಮುಂದಿನ ಲೋಡು ಯಾವತ್ತು ಎಂದು ಕೇಳಿದರು.