ನಲವತ್ತೊಂದನೆಯ ಕಾಗದ

ಒಮಾನಿನ ಅಲ್ ಗುಬ್ರಾದಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿ, ಎಂಜಿನಿಯರ್ ಮಗನ ಜೊತೆ ಒಬ್ಬ ಜರ್ಮನ್ ಅಜ್ಜಿ ಇದ್ದರು. ನಮ್ಮ ಬಾಗಿಲಿಗೆ ಅಂಟಿಸುವ ಚೀಟಿಗೂ ನಂಬರು ಹಾಕುವವರು. ‘ನಂಬರ್ ಹನ್ನೆರಡು: ನಿಮ್ಮ ಚಟ್ನಿ ಬಹಳ ಖಾರ.’

ಅದು ಎರಡನೇ ಮಹಾಯುದ್ಧದ ಕಾಲದ ಅಭ್ಯಾಸವಂತೆ. ದಾರಿಯಲ್ಲಿ ಯಾವುದು ಕಳೆಯಿತೆಂದು ತಿಳಿಯಲಿ ಎಂದು, ಅವರನ್ನು ಮದುವೆಯಾಗಬೇಕಿದ್ದ, ವಿಮಾನದಳದಲ್ಲಿದ್ದ ಹುಡುಗ ಪ್ರತಿ ಕಾಗದಕ್ಕೂ ನಂಬರು ಹಾಕುತ್ತಿದ್ದ. ನಲವತ್ತೆರಡನೆಯದರ ನಂತರ ಕಾಗದವೂ ಬರಲಿಲ್ಲ, ಅವನೂ ಬರಲಿಲ್ಲ. ನಡುವಿನ ನಲವತ್ತೊಂದು ಅಜ್ಜಿಗೆ ತಲುಪಿರಲೇ ಇಲ್ಲ.

ಕಾಗದ ಬಂದಿದೆಯೇ ಎಂದು ನಾವು ಪೋಸ್ಟಾಫೀಸಿನಲ್ಲಿದ್ದ ನಮ್ಮ ಪೋಸ್ಟ್ ಬಾಕ್ಸ್ ನೋಡಲು ಹೊರಟಾಗಲೆಲ್ಲ ಅವರೂ ಕಾರು ಹತ್ತುತ್ತಿದ್ದರು. ಜರ್ಮನಿಯ ವಿಳಾಸದ ಕಾಗದ ಒಮಾನಿಗೆ ಹೇಗೆ ಬಂದೀತೆಂದು ಕೇಳುವ ಧೈರ್ಯ ನನಗಿರಲಿಲ್ಲ. ನನ್ನ ಗಂಡ ಮಾತ್ರ ಕಿಚಾಯಿಸುತ್ತಿದ್ದರು: “ಅರವತ್ತು ವರ್ಷ ಆಯ್ತು ಅಜ್ಜೀ, ಅದು ಖಲಾಸ್!”

“ಖಲಾಸ್ ಅಲ್ಲ, ಲೇಟ್,” ಎನ್ನುತ್ತಿದ್ದರು ಅಜ್ಜಿ. ಮಗ ಊಟಕ್ಕೆ ಬಾರದಿದ್ದರೂ ಅದೇ ಮಾತು.

ಅವರು ಜರ್ಮನಿಗೆ ಮರಳಿದ ಬೆಳಿಗ್ಗೆ ಬಾಗಿಲಲ್ಲೊಂದು ಚೀಟಿ ಇತ್ತು. ‘ನಂಬರ್ ಮೂವತ್ತು: ಚಟ್ನಿ ಅಭ್ಯಾಸವಾಗಿದೆ.’

ಅಡುಗೆಮನೆಯಲ್ಲಿ ಕೂಡಿಟ್ಟಿದ್ದ ಚೀಟಿಗಳನ್ನು ತೆಗೆದು ನೋಡಿದೆ. ಕೊನೆಯದು ಇಪ್ಪತ್ತೆಂಟು.

“ಅಜ್ಜಿ ನಂಬರು ತಪ್ಪು ಹಾಕಿದ್ದಾರೆ ನೋಡ್ರೀ,” ಎಂದೆ.

ಗಂಡ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ, “ತಪ್ಪಿಲ್ಲ ಕಣೇ, ಲೇಟ್,” ಎಂದು ಕಾರಿನ ಕೀ ತೆಗೆದುಕೊಂಡು ಪೋಸ್ಟ್ ಬಾಕ್ಸ್ ನೋಡಲು ಹೊರಟರು.