ಯಂತ್ರ ಎಸೆದ ಚುಕ್ಕಿ

ಮುಂಜಾನೆ ಐದಕ್ಕೆ ಹತ್ತು ನಿಮಿಷ. ವೀಕ್ಷಣಾಲಯದ ಕೆಳಗಿನ ಕೋಣೆಯಲ್ಲಿ ಚುಕ್ಕಿಯಕ್ಕ (ಎಲ್ಲರೂ ಕರೆಯುವುದು ಹಾಗೆಯೇ) ಕಂಪ್ಯೂಟರಿನ ಪರದೆ ಒರೆಸಿ, ಮೂಗಿನ ತುದಿಗೆ ಜಾರಿದ ಕನ್ನಡಕವನ್ನು ಮೇಲಕ್ಕೆ ತಳ್ಳುತ್ತಾರೆ. ಆಕಾಶದ ಒಂದೇ ತುಣುಕನ್ನು ತುಸು ತುಸು ಹೊತ್ತು ಬಿಟ್ಟು ತೆಗೆದ ನಾಲ್ಕು ಚಿತ್ರಗಳು ಒಂದರ ಹಿಂದೊಂದು ಬಂದು ಹೋಗುತ್ತವೆ. ನಕ್ಷತ್ರ ಕದಲುವುದಿಲ್ಲ. ಕದಲಿದರೆ ಅದು ಕಲ್ಲು, ಅಂದರೆ ಸೂರ್ಯನನ್ನು ಸುತ್ತುವ ಕ್ಷುದ್ರಗ್ರಹ. ಅದನ್ನು ಹಿಡಿಯುವುದೇ ಇವರ ಕೆಲಸ. ದಿನಕ್ಕೆ ಆರುನೂರು ಚಿತ್ರ, ಹದಿನಾಲ್ಕು ವರ್ಷದಿಂದ.

ಅದಕ್ಕೂ ಮೊದಲು ಬಟ್ಟೆ ಗಿರಣಿಯಲ್ಲಿ ತಪ್ಪಿದ ಎಳೆ ಹುಡುಕುತ್ತಿದ್ದರು. ಗಿರಣಿ ಮುಚ್ಚಿತು, ಕಣ್ಣು ಉಳಿಯಿತು. “ಮನೇಲಿ ನನ್ನ ಕಾಲುಚೀಲದ ಜೋಡಿ ಹುಡುಕಿಕೊಡೋಕೆ ಆಗಲ್ಲ, ಆಕಾಶದಲ್ಲಿ ಕಲ್ಲು ಹುಡುಕ್ತಾಳಂತೆ!” ಎಂದು ಬಸ್ಸು ಓಡಿಸುವ ಗಂಡ ರೇಗಿಸುತ್ತಾರೆ.

ಚಿತ್ರಗಳನ್ನು ಮೊದಲು ಜಾಲಾಡುವುದು ಯಂತ್ರ. ದಿಗಂತದ ಹತ್ತಿರ ಮಸುಕಾಗಿ ಕಂಡದ್ದನ್ನೆಲ್ಲ ಅದು ಕಸವೆಂದು ಎಸೆಯುತ್ತದೆ. ಆ ಕಸ ನೋಡಿರೆಂದು ಚುಕ್ಕಿಯಕ್ಕನಿಗೆ ಯಾರೂ ಹೇಳಿದ್ದಿಲ್ಲ, ಆದರೂ ನೋಡುತ್ತಾರೆ.

“ಸಿಪ್ಪೆ ಚೆಲ್ಲೋ ಮುಂಚೆ ಒಂದ್ಸಲ ಕೆದಕೇ ಅಂತಿದ್ಲು ನಮ್ಮಮ್ಮ. ಚಮಚ ಸಿಗ್ತಿತ್ತು. ಈ ಸಲ ಕಲ್ಲು ಸಿಕ್ತು.”

ಎಂಥ ಕಲ್ಲು! ಭೂಮಿ ಸೂರ್ಯನನ್ನು ಸುತ್ತುವ ಹಾದಿಯಲ್ಲೇ, ನಮಗಿಂತ ಬಹುದೂರ ಮುಂದೆ, ವರ್ಷಕ್ಕೊಂದು ಸುತ್ತು ಹಾಕುವ ಪುಟ್ಟ ಜೊತೆಗಾರ. ಸೂರ್ಯ ಹುಟ್ಟುವ ಮುಂಚೆ ಸ್ವಲ್ಪ ಹೊತ್ತು ಮಾತ್ರ ದುರ್ಬೀನಿಗೆ ಸಿಗುತ್ತದೆ. ಮೂರು ಮುಂಜಾವು ಅದರ ಬೆನ್ನು ಹತ್ತಿ, ಗುರುತು ಹಾಕಿ, ಮೇಲಿನವರ ಮೇಜಿಗೆ ಮುಟ್ಟಿಸಿದವರು ಇವರು.

ವರದಿಯಲ್ಲಿ ಬಂದದ್ದು ಏನು? ‘ಯಂತ್ರ ಪತ್ತೆಹಚ್ಚಿತು.’ ಹೌದೆಂದು ಒಂದು ಹಾಳೆಗೆ ಸಹಿ ಹಾಕಬೇಕಂತೆ, ಇಲ್ಲವಾದರೆ ಬರುವ ಸೋಮವಾರದಿಂದ ಚಿತ್ರ ಬಿಟ್ಟು ಉಗ್ರಾಣ ಕಾಯಬೇಕಂತೆ. ಎಸೆದ ಯಂತ್ರಕ್ಕೆ ಮಣೆ, ಹೆಕ್ಕಿದ ಹೆಣ್ಣಿಗೆ ಮೂಲೆ! ಪತ್ರಿಕೆಗೆ ಬರೆಯಲು ಬಂದ ನಾನು ವೀಕ್ಷಣಾಲಯದ ಮುಖ್ಯಸ್ಥರನ್ನೇ ಕೇಳಿದೆ. “ಸಹಾಯಕರ ಹೆಸರು ಹಾಕೋ ಪದ್ಧತಿ ಇಲ್ಲಮ್ಮ,” ಎಂದರು. ಪದ್ಧತಿಯಂತೆ! ಸುಳ್ಳಿಗೆ ಸಹಿ ಕೇಳುವ ಪದ್ಧತಿ ಯಾವಾಗ ಶುರುವಾಯಿತು ಸ್ವಾಮೀ? ಅವರಿಗೆ ಇನ್ನೊಂದು ಸಭೆಯಿತ್ತು.

ಆ ಹಾಳೆ ಒಂಬತ್ತು ದಿನದಿಂದ ಚುಕ್ಕಿಯಕ್ಕನ ಮೇಜಿನ ಮೇಲೆ ಸಹಿಯಿಲ್ಲದೆ ಬಿದ್ದಿದೆ. ಚಹಾ ಲೋಟ ಇಡಲು ಅನುಕೂಲವಾಗಿದೆ. ಇವತ್ತು ಶನಿವಾರ.

“ಸೋಮವಾರ ಹತ್ತಿರ ಬಂತಲ್ಲಮ್ಮಾ?” ಎಂದೆ.

“ಬರ್ಲಿ ಬಿಡಿ. ನನ್ನ ಹೆಸರೇನೂ ಬೇಡ,” ಎನ್ನುತ್ತಾ ಅವರು ಮುಂದಿನ ನಾಲ್ಕು ಚಿತ್ರ ತೆರೆಯುತ್ತಾರೆ. “‘ಕಸದಲ್ಲಿ ಸಿಕ್ಕಿತು’ ಅಂತ ಬರೀಲಿ, ಈಗಲೇ ಸಹಿ ಹಾಕ್ತೀನಿ. ಕಸ ನೋಡೋರು ಯಾರು ಅಂತ ಇಡೀ ಕಟ್ಟಡಕ್ಕೇ ಗೊತ್ತು.”